ಎಸ್.ಪಿ. ರಸ್ತೆಯ ಹಳೆಯ ಕಂಪ್ಯೂಟರುಗಳು

ಮದುವೆಯ ಸೀರೆ ಕೊಳ್ಳಲು ಬೆಂಗಳೂರಿನ ಚಿಕ್ಕಪೇಟೆಗೆ ನೀವು ಒಮ್ಮೆಯಾದರೂ ಹೋಗಿರುತ್ತೀರಿ. ಬಗಲಲ್ಲಿ ಮಗು, ಕೈಯಲ್ಲಿ ಚೀಲ, ಮುಂದೆ ಅತ್ತೆ, ಹಿಂದೆ ನಾದಿನಿ. ಆ ಇಕ್ಕಟ್ಟಿನ ಗಲ್ಲಿಗಳಲ್ಲಿ ಸೀರೆ, ಜರಿ, ಬಳೆ, ಪಾತ್ರೆ ಎಲ್ಲವನ್ನೂ ನೋಡಿ ದಣಿದು ಮನೆಗೆ ಮರಳಿರುತ್ತೀರಿ. ಆದರೆ ಅಲ್ಲಿಂದ ನಡೆದೇ ಹೋಗಬಹುದಾದ ಇನ್ನೊಂದು ಪೇಟೆಗೆ ನಿಮ್ಮನ್ನು ಯಾರಾದರೂ ಕರೆದೊಯ್ದಿದ್ದಾರೆಯೇ? ಹೆಂಗಸರಿಗೆ ಅಲ್ಲೇನು ಕೆಲಸ ಎಂದು ಮನೆಯ ಗಂಡಸರು ಹೇಳಿರಬಹುದು. ಕೆಲಸ ಇದೆ ಸಹೋದರಿಯರೇ, ಬಹಳ ಇದೆ. ಬನ್ನಿ, ಈ ತಿಂಗಳು ನಿಮ್ಮನ್ನು ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋಗುತ್ತೇನೆ.

ಎಸ್.ಪಿ. ಎಂದರೆ ಸದರ್ ಪತ್ರಪ್ಪ. ಆದರೆ ಆ ಪೂರ್ತಿ ಹೆಸರು ಹೇಳಿ ಆಟೋದವರನ್ನು ಕೇಳಿದರೆ ಒಂದು ಗಳಿಗೆ ಯೋಚಿಸುತ್ತಾರೆ. 'ಎಸ್.ಪಿ. ರೋಡ್' ಎಂದರೆ ಸಾಕು. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಮೊದಲು ಚಿಕ್ಕಪೇಟೆ, ಆಮೇಲೆ ಕೃಷ್ಣರಾಜೇಂದ್ರ ಮಾರುಕಟ್ಟೆ. 2017ರಲ್ಲಿ ಈ ಸುರಂಗ ನಿಲ್ದಾಣಗಳು ತೆರೆದ ಮೇಲೆ ಈ ಕಡೆ ಬರುವುದು ಸುಲಭವಾಗಿದೆ. 1935ರಲ್ಲಿ ಕಟ್ಟಿದ ಪುಟ್ಟಣ್ಣ ಚೆಟ್ಟಿ ಪುರಭವನ, ಅಂದರೆ ನಾವು ಟೌನ್‌ಹಾಲ್ ಎನ್ನುವ ಆ ಕಂಬಗಳ ಕಟ್ಟಡ ಕಂಡರೆ ನೀವು ಹತ್ತಿರ ಬಂದಿರಿ ಎಂದೇ ಲೆಕ್ಕ.

ಈ ಭಾಗದ ಬೆಂಗಳೂರಿನಲ್ಲಿ ಒಂದೊಂದು ಬೀದಿಗೆ ಒಂದೊಂದು ವ್ಯಾಪಾರ. ಚಿಕ್ಕಪೇಟೆಗೆ ಸೀರೆ, ಅವೆನ್ಯೂ ರಸ್ತೆಗೆ ಪುಸ್ತಕ, ಜೆ.ಸಿ. ರಸ್ತೆಗೆ ವಾಹನಗಳ ಬಿಡಿಭಾಗ. ಎಸ್.ಪಿ. ರಸ್ತೆಗೆ ಕಂಪ್ಯೂಟರ್. ದಿಲ್ಲಿಯವರಿಗೆ ನೆಹರೂ ಪ್ಲೇಸ್, ಚೆನ್ನೈನವರಿಗೆ ರಿಚ್ಚಿ ಸ್ಟ್ರೀಟ್, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಹೇಗೋ ನಮ್ಮವರಿಗೆ ಇದು ಹಾಗೆ.

ಪೇಟೆಯ ಒಳಗೆ

ರಸ್ತೆ ಅಗಲವಾದುದಲ್ಲ. ಒಂದು ಕಡೆ ನಿಲ್ಲಿಸಿದ ಸ್ಕೂಟರುಗಳು, ಇನ್ನೊಂದು ಕಡೆ ಸಾಮಾನು ಇಳಿಸುವ ಗಾಡಿಗಳು. ನಡುವೆ ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತ ಹಮಾಲಿ 'ಸೈಡ್, ಸೈಡ್' ಎನ್ನುತ್ತಾ ನುಗ್ಗುತ್ತಾನೆ. ಕೆಳಗೆ ಅಂಗಡಿ, ಮೆಟ್ಟಿಲ ಕೆಳಗೊಂದು ಅಂಗಡಿ, ಮೆಟ್ಟಿಲು ಹತ್ತಿದರೆ ಕಿರಿದಾದ ಓಣಿಯ ಎರಡೂ ಬದಿಗೆ ಮತ್ತೆ ಅಂಗಡಿ. ತರಕಾರಿಯಂತೆ ರಾಶಿ ಹಾಕಿದ ಮೌಸುಗಳು. ಹಗ್ಗದಂತೆ ಸುತ್ತಿಟ್ಟ ವಯರುಗಳು. ಗೋಣಿಚೀಲದೊಳಗಿಂದ ಇಣುಕುವ ಕೀಬೋರ್ಡುಗಳು. ಮುಖಕ್ಕೆ ಮುಖ ಒರಗಿಸಿ ನಿಲ್ಲಿಸಿದ ಮಾನಿಟರುಗಳು.

ಹೊಸ ಸರಕಿನ ಮಳಿಗೆಗಳಿಗೆ ಗಾಜಿನ ಬಾಗಿಲು, ತಂಪು ಗಾಳಿ ಇರುತ್ತದೆ. ನಾವು ನೋಡಬೇಕಾದದ್ದು ಅವನ್ನಲ್ಲ, ಹಳೆಯದನ್ನು ಕೊಂಡು, ರಿಪೇರಿ ಮಾಡಿ, ಮತ್ತೆ ಮಾರುವ ಅಂಗಡಿಗಳನ್ನು. ಅಲ್ಲಿ ಒಂದು ಉದ್ದನೆಯ ಮೇಜು, ಅದರ ಮೇಲೆ ಬಾಗಿದ ದೀಪ, ಹೊಟ್ಟೆ ತೆರೆದುಕೊಂಡ ಕಂಪ್ಯೂಟರ್, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಹುಡುಗ. ಗೋಡೆಗೆ ತಾಗಿ ಒಂದರ ಮೇಲೊಂದು ಪೇರಿಸಿದ ನಲವತ್ತು ಐವತ್ತು ಕಪ್ಪು ಪೆಟ್ಟಿಗೆಗಳು. ಎಲ್ಲದರ ಮೈಮೇಲೂ ಯಾವುದೋ ಕಚೇರಿಯ ಆಸ್ತಿ ಸಂಖ್ಯೆಯ ಚೀಟಿ. ಆ ಚೀಟಿಗಳನ್ನು ಓದುತ್ತಾ ನಿಂತರೆ ಯಾರ ಯಾರ ಮೇಜಿನ ಮೇಲಿದ್ದವೋ ಇವೆಲ್ಲ ಎಂದು ಅಚ್ಚರಿಯಾಗುತ್ತದೆ!

ಇಷ್ಟೊಂದು ಎಲ್ಲಿಂದ ಬರುತ್ತವೆ?

ಕಂಪನಿಗಳು ನಾಲ್ಕೈದು ವರ್ಷಕ್ಕೊಮ್ಮೆ ಯಂತ್ರಗಳನ್ನು ಬದಲಿಸುತ್ತವೆ. ಹಳೆಯವು ಗುತ್ತಿಗೆಯಲ್ಲಿ ಒಟ್ಟಾಗಿ ಮಾರಾಟವಾಗುತ್ತವೆ. ಜೊತೆಗೆ ಇತ್ತೀಚಿನ ಇನ್ನೊಂದು ಕಾರಣವಿದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನದಾದ ವಿಂಡೋಸ್ 11 ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಹೀಗಾಗಿ ಚೆನ್ನಾಗಿ ಓಡುತ್ತಿರುವ ಯಂತ್ರಗಳೂ ಕಚೇರಿಯವರ ಕಣ್ಣಿಗೆ ಒಮ್ಮೆಲೇ ಮುದಿಯಾಗಿ ಕಾಣತೊಡಗಿದವು. ನಮ್ಮ ಸಣ್ಣ ಊರುಗಳ ಶಾಲೆ, ಸಹಕಾರಿ ಸಂಘ, ಕ್ಲಿನಿಕ್, ಮಸೀದಿ ಕಮಿಟಿಗಳ ಕಚೇರಿಗಳಲ್ಲೂ ಈಗ ಇದೇ ಮಾತು: 'ಹಳೆಯ ಕಂಪ್ಯೂಟರುಗಳನ್ನು ಏನು ಮಾಡೋಣ?'

ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ಒಂದು, ಗುಜರಿಯವನಿಗೆ ಕೊಡಿ. ಎರಡು, ಯಾರಾದರೂ ಬಡವರಿಗೆ ದಾನ ಕೊಡಿ. ಎರಡೂ ತಪ್ಪಲ್ಲ. ಆದರೆ ಎರಡಕ್ಕೂ ಮೊದಲು ಮಾಡಬೇಕಾದ ಕೆಲಸಗಳಿವೆ. ಅದನ್ನು ಬಿಟ್ಟು ಕೊಟ್ಟರೆ ಮಾರಾಟವೂ ಸರಿಯಾಗದು, ದಾನವೂ ಸರಿಯಾಗದು.

ನಮ್ಮ ಎಂಟು ಯಂತ್ರಗಳು

ನಾನು ಕಲಿಸುವ ಶಾಲೆಯ ಕಚೇರಿ ಮತ್ತು ಲ್ಯಾಬಿನಲ್ಲಿ ಇಂಥ ಎಂಟು ಕಂಪ್ಯೂಟರುಗಳಿದ್ದವು. ಹತ್ತು ವರ್ಷ ದುಡಿದವು. ಅವುಗಳಲ್ಲಿ ಕೆಲವನ್ನು ಹುಡುಗಿಯರ ಒಂದು ಹಾಸ್ಟೆಲ್ಲಿಗೆ ಕೊಡುವುದು, ಉಳಿದವನ್ನು ಮಾರಿ ಬಿಡಿಭಾಗಗಳ ಖರ್ಚು ಹೊಂದಿಸುವುದು ಎಂದು ಕಮಿಟಿ ತೀರ್ಮಾನಿಸಿತು. ಬಿಡಿಭಾಗ ತರಲು ಸಹೋದ್ಯೋಗಿ ಟೀಚರ್ ಒಬ್ಬರ ಜೊತೆ ನಾನು ಬೆಂಗಳೂರಿಗೆ ಹೊರಟೆ. ಆನ್ ಆಗದ ಒಂದು ಪೆಟ್ಟಿಗೆ ಮತ್ತು ಎಲ್ಲ ಯಂತ್ರಗಳ ಮಾದರಿ ಸಂಖ್ಯೆಯ ಪಟ್ಟಿ ನಮ್ಮ ಜೊತೆಗಿತ್ತು. ಹಾರ್ಡ್ ಡಿಸ್ಕುಗಳನ್ನು ಮಾತ್ರ ಕಳಚಿ ಶಾಲೆಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೆವು.

ಡಿಸ್ಕುಗಳಿಗೆ ಇಷ್ಟು ಕಾವಲು ಯಾಕೆ ಎಂದು ನೀವು ಕೇಳಬಹುದು. ಒಂದು ಶಾಲಾ ಕಚೇರಿಯ ಕಂಪ್ಯೂಟರಿನಲ್ಲಿ ಏನೇನಿರುತ್ತದೆ ಎಂದು ಯೋಚಿಸಿ. ನಿಮ್ಮ ಮಗಳ ಪ್ರವೇಶ ಅರ್ಜಿ. ಅದಕ್ಕೆ ಅಂಟಿಸಿದ ಫೋಟೋ. ಅವಳ ಹುಟ್ಟಿದ ದಿನಾಂಕ. ನಿಮ್ಮ ಆಧಾರ್ ಪ್ರತಿ. ನಿಮ್ಮ ಮೊಬೈಲ್ ಸಂಖ್ಯೆ, ಮನೆಯ ವಿಳಾಸ. ಜಾತಿ ಮತ್ತು ಆದಾಯ ಪ್ರಮಾಣಪತ್ರ. ವಿದ್ಯಾರ್ಥಿ ವೇತನಕ್ಕೆಂದು ಕೊಟ್ಟ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಫೀಸು ಕಟ್ಟಲಾಗದೆ ವಿಧವೆ ತಾಯಿಯೊಬ್ಬಳು ಬರೆದ ಮನವಿ ಪತ್ರ. ಕ್ಲಿನಿಕ್ಕಿನ ಕಂಪ್ಯೂಟರ್ ಆದರೆ ಯಾರಿಗೆ ಯಾವ ಕಾಯಿಲೆ ಎಂಬುದು. ಮದುವೆ ಫೋಟೋ ತೆಗೆಯುವ ಸ್ಟುಡಿಯೋದ್ದಾದರೆ ಹೆಂಗಸರ ಕಡೆಯ ಎಲ್ಲ ಚಿತ್ರಗಳು.

ಯಂತ್ರ ಶಾಲೆಯದು, ನಿಜ. ಆದರೆ ಅದರೊಳಗಿನ ಈ ಮಾಹಿತಿ ಶಾಲೆಯದಲ್ಲ. ನಂಬಿ ಕೊಟ್ಟವರದು. ಅದು ಅಮಾನತ್. ಒಡವೆ ಅಡವಿಟ್ಟ ಪೆಟ್ಟಿಗೆಯನ್ನು ಒಡವೆಯ ಸಮೇತ ಯಾರಾದರೂ ಮಾರುತ್ತಾರೆಯೇ?

ಅಳಿಸಿದರೂ ಅಳಿಯದು

'ನಾವು ಎಲ್ಲ ಡಿಲೀಟ್ ಮಾಡಿಯೇ ಕೊಡುವುದು' ಎನ್ನುವವರೇ ಹೆಚ್ಚು. ಎಸ್.ಪಿ. ರಸ್ತೆಯ ಅಂಗಡಿಯ ಹುಡುಗ ಇದಕ್ಕೆ ನಕ್ಕುಬಿಟ್ಟ. "ಮೇಡಂ, ಒಂದು ನಿಮಿಷ ನೋಡಿ" ಎಂದು ಒಂದು ಪೆನ್‌ಡ್ರೈವ್ ತೆಗೆದ. ಅದರೊಳಗೆ ಒಂದು ಹೂವಿನ ಚಿತ್ರ ಮತ್ತು ಒಂದು ಪತ್ರವನ್ನು ಹಾಕಿಸಿದ. ನನ್ನ ಕೈಯಿಂದಲೇ ಡಿಲೀಟ್ ಮಾಡಿಸಿದ. ಆಮೇಲೆ ಫಾರ್ಮ್ಯಾಟ್ ಮಾಡಿಸಿದ. ಪೆನ್‌ಡ್ರೈವ್ ಖಾಲಿ ಎಂದು ಕಂಪ್ಯೂಟರ್ ತೋರಿಸಿತು. ಬಳಿಕ ಅವನು ಒಂದು ಚಿಕ್ಕ ತಂತ್ರಾಂಶವನ್ನು ಓಡಿಸಿದ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೂವೂ ಬಂತು, ಪತ್ರವೂ ಬಂತು!

ಇದು ಮಾಯವಲ್ಲ. ಒಂದು ದಪ್ಪ ಪುಸ್ತಕದ ಪರಿವಿಡಿಯ ಹಾಳೆಯನ್ನು ಮಾತ್ರ ಹರಿದು ಹಾಕಿ, ಅಧ್ಯಾಯಗಳನ್ನು ಹಾಗೆಯೇ ಬಿಟ್ಟಂತೆ. ಡಿಲೀಟ್ ಒತ್ತಿದಾಗ ಕಂಪ್ಯೂಟರ್ 'ಈ ಜಾಗ ಇನ್ನು ಖಾಲಿ, ಬೇಕಾದಾಗ ಬಳಸಬಹುದು' ಎಂದು ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ಅವಸರದ ಫಾರ್ಮ್ಯಾಟ್ ಮಾಡುವುದೂ ಹೆಚ್ಚು ಕಡಿಮೆ ಇದೇ. ಅದೇ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ ಹಳೆಯದು ಅಲ್ಲೇ ಕುಳಿತಿರುತ್ತದೆ.

ಅಮೆರಿಕದಲ್ಲಿ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೇಲತ್ ಎಂಬ ಇಬ್ಬರು ಸಂಶೋಧಕರು ಸೆಕೆಂಡ್ ಹ್ಯಾಂಡ್ ಪೇಟೆಯಿಂದ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿದರು. 2003ರಲ್ಲಿ ಅವರ ವರದಿ ಪ್ರಕಟವಾಯಿತು. ಕೆಲಸ ಮಾಡುತ್ತಿದ್ದ 129 ಡಿಸ್ಕುಗಳಲ್ಲಿ ಸರಿಯಾಗಿ ಅಳಿಸಿದ್ದವು ಕೇವಲ 12. ಉಳಿದವುಗಳಲ್ಲಿ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಜೊತೆಗೆ ಜನರ ಖಾಸಗಿ ಪತ್ರಗಳು ಮತ್ತು ವೈದ್ಯಕೀಯ ವಿವರಗಳು ಸಿಕ್ಕವು.

ಅದು ಹಳೆಯ ಕಾಲ ಎನ್ನುವಿರಾ? ಮಾರ್ಗನ್ ಸ್ಟ್ಯಾನ್ಲಿ ಎಂಬ ದೊಡ್ಡ ಹಣಕಾಸು ಸಂಸ್ಥೆಯ ಕಥೆ ಕೇಳಿ. ತನ್ನ ಹಳೆಯ ಸರ್ವರ್ ಮತ್ತು ಡಿಸ್ಕುಗಳನ್ನು ವಿಲೇವಾರಿ ಮಾಡುವ ಕೆಲಸವನ್ನು ಅದು ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಒಪ್ಪಿಸಿತ್ತು. ಮಾಹಿತಿ ನಾಶಪಡಿಸುವ ಅನುಭವ ಆ ಕಂಪನಿಗೆ ಇರಲಿಲ್ಲ. ಗ್ರಾಹಕರ ವಿವರ ಇದ್ದಂತೆಯೇ ಕೆಲವು ಉಪಕರಣಗಳು ಅಂತರ್ಜಾಲದ ಹರಾಜಿನಲ್ಲಿ ಮಾರಾಟವಾದವು. 2022ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಆ ಸಂಸ್ಥೆಗೆ 3.5 ಕೋಟಿ ಡಾಲರ್ ದಂಡ ವಿಧಿಸಿದರು. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮ ನಿಮ್ಮ ಕಚೇರಿಗಳ ಪಾಡೇನು? ನಮ್ಮ ದೇಶದಲ್ಲೂ ಜನರ ಡಿಜಿಟಲ್ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನು ಬಂದಿದೆ. ಮಾಹಿತಿ ಪಡೆದವರೇ ಅದನ್ನು ಕಾಪಾಡಬೇಕು ಎಂಬುದು ಅದರ ತಿರುಳು.

ಹಾಗಾದರೆ ಮಾಡುವುದೇನು?

ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ. ಅಂಗಡಿಯವರು ಹೇಳಿದ್ದು, ನಾವು ಮಾಡಿ ನೋಡಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. ಬರೆದಿಟ್ಟುಕೊಳ್ಳಿ.

ಮೊದಲಿಗೆ, ಬೇಕಾದ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಅವು ಅಲ್ಲಿ ತೆರೆಯುತ್ತವೆಯೇ ಎಂದು ನೋಡಿ. ನೋಡದೆ ಮುಂದುವರಿಯಬೇಡಿ. ಅಂಕಪಟ್ಟಿ, ಲೆಕ್ಕಪತ್ರಗಳು ಒಮ್ಮೆ ಹೋದರೆ ಹೋದವೇ.

ಎರಡನೆಯದಾಗಿ, ಆ ಯಂತ್ರದಲ್ಲಿ ತೆರೆದಿರುವ ಇಮೇಲ್, ಬ್ಯಾಂಕ್, ವಾಟ್ಸ್ಆ್ಯಪ್ ಮುಂತಾದ ಎಲ್ಲ ಖಾತೆಗಳಿಂದ ಹೊರಬನ್ನಿ. ಯಂತ್ರ ಶುರುವಾಗುವಾಗ ಕೇಳುವ ಬಯೋಸ್ ಪಾಸ್‌ವರ್ಡ್ ಇದ್ದರೆ ತೆಗೆದುಹಾಕಿ. ಅದನ್ನು ಬಿಟ್ಟು ಕೊಟ್ಟರೆ ಪಡೆದವರ ಕೈಯಲ್ಲಿ ಅದು ಬೀಗ ಹಾಕಿದ ಪೆಟ್ಟಿಗೆ ಮಾತ್ರ.

ಮೂರನೆಯದು ಮುಖ್ಯ: ಡಿಸ್ಕನ್ನು ನಿಜವಾಗಿ ಅಳಿಸುವುದು. ವಿಂಡೋಸ್ 10 ಮತ್ತು 11ರಲ್ಲಿ 'ರೀಸೆಟ್ ದಿಸ್ ಪಿಸಿ' ಎಂಬುದಿದೆ. ಅದರಲ್ಲಿ 'ರಿಮೂವ್ ಎವೆರಿಥಿಂಗ್' ಆರಿಸಿ, ಅಷ್ಟಕ್ಕೇ ನಿಲ್ಲದೆ 'ಚೇಂಜ್ ಸೆಟ್ಟಿಂಗ್ಸ್' ಒಳಗೆ ಹೋಗಿ 'ಕ್ಲೀನ್ ಡೇಟಾ' ಎಂಬುದನ್ನು 'ಯೆಸ್' ಮಾಡಿ. ಇದರಿಂದ ಸಾಧಾರಣ ಕಳ್ಳಗಣ್ಣಿಗೆ ಏನೂ ಸಿಗದಷ್ಟು ಶುದ್ಧವಾಗುತ್ತದೆ. ಇನ್ನೂ ಖಾತರಿ ಬೇಕಾದ ಕಚೇರಿಗಳು ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ಸೊನ್ನೆ ಬರೆಯುವ ಉಚಿತ ತಂತ್ರಾಂಶಗಳನ್ನು ಬಳಸುತ್ತವೆ. 500 ಜಿಬಿಯ ಹಳೆಯ ಡಿಸ್ಕಿಗೆ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ. 35 ಸಲ ಬರೆಯಬೇಕು ಎಂದು ಕೆಲವರು ಹೆದರಿಸುತ್ತಾರೆ. ಅದು 1996ರ ಒಂದು ಪ್ರಬಂಧದಿಂದ ಬಂದ ಮಾತು, ಅಂದಿನ ಡಿಸ್ಕುಗಳಿಗೆ ಹೇಳಿದ್ದು. ಇಂದಿನ ತಿರುಗುವ ಡಿಸ್ಕುಗಳಿಗೆ ಒಂದು ಸಲ ಪೂರ್ತಿ ಬರೆದರೆ ಸಾಕು.

ಆದರೆ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ತಟ್ಟೆ ಇಲ್ಲ. ಅದು ಎಲ್ಲ ಕೋಶಗಳೂ ಒಂದೇ ಸಮ ಸವೆಯಲಿ ಎಂದು ಬರಹವನ್ನು ಅಲ್ಲಿಂದಿಲ್ಲಿಗೆ ಹಂಚುತ್ತಿರುತ್ತದೆ. ಹಾಗಾಗಿ ಮೇಲಿನಿಂದ ಬರೆದದ್ದು ಮೂಲೆಮೂಲೆಗೂ ತಲುಪಿತು ಎನ್ನಲಾಗದು. ಅದಕ್ಕೆ ತಯಾರಕರೇ ಕೊಡುವ 'ಸೆಕ್ಯೂರ್ ಇರೇಸ್' ಸೌಲಭ್ಯ ಬಳಸಬೇಕು. ಇದು ಕೆಲವು ನಿಮಿಷಗಳ ಕೆಲಸ.

ಡಿಸ್ಕ್ ಕೆಟ್ಟಿದ್ದು ಅಳಿಸಲೂ ಆಗದಿದ್ದರೆ? ಆಗ ಅದನ್ನು ಕಳಚಿ ಡ್ರಿಲ್ಲಿನಿಂದ ತಟ್ಟೆಗಳಿಗೆ ತೂತು ಹೊಡೆಸಿ. ಎಸ್‌ಎಸ್‌ಡಿ ಆದರೆ ಒಳಗಿನ ಚಿಪ್ಪುಗಳೇ ಒಡೆಯಬೇಕು. ಕೆಟ್ಟ ಡಿಸ್ಕ್ ಎಂದು ಹಾಗೆಯೇ ಎಸೆಯಬೇಡಿ. ನಿಮಗೆ ತೆರೆಯದ್ದು ಬಲ್ಲವನ ಕೈಯಲ್ಲಿ ತೆರೆಯಬಹುದು.

ಕೊನೆಗೆ, ಸಣ್ಣ ಸಂಗತಿಗಳು. ಸಿ.ಡಿ. ತಟ್ಟೆ ಹೊರಗೆ ಎಳೆದು ನೋಡಿ, ಒಳಗೆ ಸಿ.ಡಿ. ಇರಬಹುದು. ಹಿಂದೆ ಪೆನ್‌ಡ್ರೈವ್ ಚುಚ್ಚಿಕೊಂಡಿರಬಹುದು. ಕೀಬೋರ್ಡಿನ ಅಡಿಯಲ್ಲಿ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿರಬಹುದು! ಕಚೇರಿಯ ದೊಡ್ಡ ಜೆರಾಕ್ಸ್ ಯಂತ್ರಗಳಲ್ಲಿ ಹಲವಕ್ಕೆ ಒಳಗೆ ಡಿಸ್ಕ್ ಇರುತ್ತದೆ ಎಂಬುದನ್ನೂ ಮರೆಯಬೇಡಿ.

ಬ್ರಷ್, ಬ್ಯಾಟರಿ ಮತ್ತು ರ‍್ಯಾಮ್

ಒಳಗಿದ್ದವರ ಋಣ ತೀರಿತು. ಇನ್ನು ಪಡೆಯುವವರ ಋಣ. ಯಂತ್ರ ಅವರ ಕೈಗೆ ಹೋದ ಮೇಲೆ ಓಡಬೇಕಲ್ಲ?

ನಾವು ಹೊತ್ತೊಯ್ದ ಆನ್ ಆಗದ ಪೆಟ್ಟಿಗೆಯನ್ನು ಹುಡುಗ ತೆರೆದಾಗ ಒಳಗೆ ಹತ್ತು ವರ್ಷದ ಧೂಳು ಕಂಬಳಿಯಂತೆ ಕುಳಿತಿತ್ತು. ಬ್ಲೋವರ್ ಹಿಡಿದು ಊದಿದ. ಬಣ್ಣ ಬಳಿಯುವ ಮೆತ್ತನೆಯ ಬ್ರಷ್‌ನಿಂದ ಮೂಲೆಗಳನ್ನು ಒರೆಸಿದ. ರ‍್ಯಾಮ್ ಪಟ್ಟಿಯನ್ನು ಕಿತ್ತು ಅದರ ಹೊಂಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿದ. ಮತ್ತೆ ಕೂರಿಸಿ ಗುಂಡಿ ಒತ್ತಿದ. ಯಂತ್ರ ಎದ್ದಿತು. "ಇದಕ್ಕೇನೂ ಆಗಿಲ್ಲ ಮೇಡಂ, ಕೊಳೆ ಅಷ್ಟೆ" ಎಂದ. ಆನ್ ಆಗದ ಎಷ್ಟೋ ಯಂತ್ರಗಳು ಹೀಗೆಯೇ ಗುಜರಿ ಸೇರುತ್ತವೆ.

ಯಂತ್ರ ಎದ್ದಾಗ ಅದರ ಗಡಿಯಾರ ಹಳೆಯ ಯಾವುದೋ ವರ್ಷ ತೋರಿಸಿತು. ಅದಕ್ಕೆ ಕಾರಣ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032. ಮೂರು ವೋಲ್ಟಿನದು. ಅದು ಸತ್ತರೆ ಯಂತ್ರಕ್ಕೆ ದಿನಾಂಕ ನೆನಪಿರುವುದಿಲ್ಲ. ದಿನಾಂಕ ತಪ್ಪಿದರೆ ಅಂತರ್ಜಾಲದ ಎಷ್ಟೋ ಪುಟಗಳೂ ತೆರೆಯುವುದಿಲ್ಲ. ಇಂಥ ಬ್ಯಾಟರಿ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ರೊಸೆಸರಿನ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದರೆ ಬಿಸಿಯಾಗಿ ನಿಂತುಹೋಗುವುದು ತಪ್ಪುತ್ತದೆ.

ವೇಗ ಹೆಚ್ಚಿಸುವ ದಾರಿ ಎರಡೇ. ಹಳೆಯ ತಿರುಗುವ ಡಿಸ್ಕ್ ತೆಗೆದು ಚಿಕ್ಕ ಎಸ್‌ಎಸ್‌ಡಿ ಹಾಕುವುದು, ರ‍್ಯಾಮ್ ಹೆಚ್ಚಿಸುವುದು. ಕೊಳ್ಳುವಾಗ ಎಚ್ಚರ ಬೇಕು. ಡಿಡಿಆರ್ 3 ಮತ್ತು ಡಿಡಿಆರ್ 4 ಎಂಬ ರ‍್ಯಾಮುಗಳು ನೋಡಲು ಅಕ್ಕ ತಂಗಿಯರಂತೆ, ಆದರೆ ಕಚ್ಚು ಬೇರೆ ಬೇರೆ ಕಡೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಆದುದರಿಂದ ಹಳೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋಗಿ, ರವಿಕೆ ಬಟ್ಟೆಗೆ ಸೀರೆಯ ತುಂಡು ಒಯ್ಯುವಂತೆ. ನಾಲ್ಕು ಅಂಗಡಿಯಲ್ಲಿ ಬೆಲೆ ಕೇಳಿ. ಬಿಲ್ಲು ಪಡೆಯಿರಿ, ವಾರಂಟಿ ಎಷ್ಟು ದಿನ ಎಂದು ಬಿಲ್ಲಿನಲ್ಲೇ ಬರೆಸಿ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ, ಬೇರೆ ದಿನ ಹೋಗಿ.

ಒಳಗೆ ಯಾವ ತಂತ್ರಾಂಶ?

ಕದ್ದ ವಿಂಡೋಸ್ ಹಾಕಿಕೊಡಲು ಸಿದ್ಧರಿರುವವರು ಎಲ್ಲ ಊರಲ್ಲೂ ಇದ್ದಾರೆ. ದಾನದ ವಸ್ತುವಿನೊಳಗೆ ಕದ್ದ ವಸ್ತು ಯಾಕೆ? ಯಂತ್ರದ ಜೊತೆಗೇ ಬಂದ ವಿಂಡೋಸ್ ಪರವಾನಗಿ ಇದ್ದರೆ ಅದು ಯಂತ್ರದ ಜೊತೆಗೇ ಹೋಗಲಿ, ಆ ಚೀಟಿಯನ್ನು ಕೀಳಬೇಡಿ. ವಿಂಡೋಸ್ 11 ಒಗ್ಗದ ಯಂತ್ರಗಳಿಗೆ ಲಿನಕ್ಸ್ ಹಾಕಬಹುದು. ಲಿನಕ್ಸ್ ಮಿಂಟ್‌ನಂಥವು ಪೂರ್ತಿ ಉಚಿತ, ಕಾನೂನುಬದ್ಧ, 4 ಜಿಬಿ ರ‍್ಯಾಮಿನಲ್ಲಿ ಓಡುತ್ತವೆ, ಭದ್ರತೆಯ ಪರಿಷ್ಕರಣೆಗಳೂ ಬರುತ್ತಿರುತ್ತವೆ. ಪತ್ರ, ಲೆಕ್ಕಕ್ಕೆ ಲಿಬ್ರೆ ಆಫೀಸ್ ಇದೆ. ಚಿಕ್ಕ ಮಕ್ಕಳಿಗೆ ಜಿಕಾಂಪ್ರಿ, ಚಿತ್ರ ಬಿಡಿಸಲು ಟಕ್ಸ್ ಪೇಂಟ್ ಇದೆ. ಕನ್ನಡ ಬರೆಯಲು ಏನು ಮಾಡುವುದು ಎಂಬ ಚಿಂತೆ ಬೇಡ. ನುಡಿ ತಂತ್ರಾಂಶದಿಂದ ನಮಗೆ ರೂಢಿಯಾದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನೊಳಗೇ ಇದೆ. ಸೆಟ್ಟಿಂಗ್ಸಿನಲ್ಲಿ ಆರಿಸಿಕೊಂಡರೆ ಆಯಿತು.

ಮಾರುವಾಗ, ಕೊಡುವಾಗ

ಮಾರುವುದಾದರೆ ಮೊದಲು ಕಮಿಟಿಯ ಪುಸ್ತಕದಲ್ಲಿ ನಿರ್ಣಯ ಬರೆಯಿರಿ. ಆಸ್ತಿ ಪಟ್ಟಿಯಿಂದ ಸಂಖ್ಯೆ ತೆಗೆದುಹಾಕಿ. ಯಾವ ಯಂತ್ರ, ಯಾವ ಡಿಸ್ಕ್, ಯಾರು ಯಾವ ದಿನ ಅಳಿಸಿದರು ಎಂದು ಒಂದು ಸಾಲು ಬರೆದು ಸಹಿ ಹಾಕಿಸಿ. ನಾಳೆ ಯಾರಾದರೂ ಕೇಳಿದರೆ ಉತ್ತರ ಇರುತ್ತದೆ. ಕೊಳ್ಳುವವರಿಗೆ ದೋಷವನ್ನು ಬಾಯಿಬಿಟ್ಟು ಹೇಳಿ. ಒಂದು ಯುಎಸ್‌ಬಿ ಕೆಟ್ಟಿದೆ, ಫ್ಯಾನ್ ಸದ್ದು ಮಾಡುತ್ತದೆ ಎಂದು ಚೀಟಿ ಬರೆದು ಅಂಟಿಸಿ. ಎಸ್.ಪಿ. ರಸ್ತೆಯಲ್ಲಿ ಹಲವು ವರ್ಷ ವ್ಯಾಪಾರ ಮಾಡಿದ ಹಿರಿಯರೊಬ್ಬರು ನಮಗೆ ಹೇಳಿದ್ದು ಇದೇ: "ಹಳೇ ಮಾಲಲ್ಲಿ ಮುಚ್ಚಿಟ್ಟಿದ್ದು ಒಂದು ವಾರಕ್ಕೆ ವಾಪಸ್ ಬರುತ್ತೆ ಅಮ್ಮಾ, ಗಿರಾಕಿ ಮಾತ್ರ ವಾಪಸ್ ಬರಲ್ಲ."

ದಾನಕ್ಕೆ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಕೊಂಡವನು ಜಗಳ ಮಾಡಿಯಾದರೂ ಹಣ ಹಿಂದಕ್ಕೆ ಕೇಳುತ್ತಾನೆ. ದಾನ ಪಡೆದವರು ಕೇಳುವುದಿಲ್ಲ. ಕೆಟ್ಟ ಕಂಪ್ಯೂಟರನ್ನು ಮೂಲೆಯಲ್ಲಿಟ್ಟು ಮೇಲೆ ಬಟ್ಟೆ ಹೊದಿಸುತ್ತಾರೆ. ಫೋಟೋದಲ್ಲಿ ನಗುತ್ತಾ ಕೊಟ್ಟವರ ಹೆಸರು ಮಾತ್ರ ಗೋಡೆಯ ಮೇಲಿರುತ್ತದೆ. ನಮ್ಮ ಮನೆಯ ಹಳಸಿದ ಅನ್ನವನ್ನು ನೆರೆಮನೆಗೆ ಕಳಿಸುತ್ತೇವೆಯೇ? ಹಾಗಾದರೆ ಓಡದ ಯಂತ್ರವನ್ನು ಹಾಸ್ಟೆಲ್ಲಿಗೆ ಯಾಕೆ ಕಳಿಸಬೇಕು?

ಕೊಡುವ ಮೊದಲು ಕೇಳಿ. ಮೇಜು ಇದೆಯೇ? ಮೂರು ಪಿನ್ನಿನ ಪ್ಲಗ್ ಮತ್ತು ಸರಿಯಾದ ಅರ್ಥಿಂಗ್ ಇದೆಯೇ? ಕರೆಂಟ್ ಆಗಾಗ ಹೋಗುವ ಊರಾದರೆ ಯುಪಿಎಸ್‌ಗೆ ಏನು ವ್ಯವಸ್ಥೆ? ಮಕ್ಕಳಿಗೆ ತೋರಿಸಿಕೊಡುವವರು ಯಾರು? ಹಾಸ್ಟೆಲ್ಲಿನ ವಾರ್ಡನ್‌ಗೆ ನಾವು ಇದನ್ನೇ ಕೇಳಿದೆವು. ಆಕೆ ಹೇಳಿದ್ದು ಸ್ಪಷ್ಟವಾಗಿತ್ತು: "ಆಪಾ, ಎಂಟು ಬೇಡ, ನಾಲ್ಕು ಸಾಕು. ಆದರೆ ಜೊತೆಗೆ ಒಬ್ಬರು ಶನಿವಾರ ಬಂದು ಕಲಿಸಬೇಕು." ನಾಲ್ಕನ್ನು ಕೊಟ್ಟೆವು, ಶನಿವಾರದ ಕೆಲಸವನ್ನು ನನ್ನ ಸಹೋದ್ಯೋಗಿ ವಹಿಸಿಕೊಂಡರು. ಎರಡನ್ನು ಮಾರಿದೆವು. ಉಳಿದೆರಡರ ಬೋರ್ಡ್ ಸುಟ್ಟಿತ್ತು. ಅವುಗಳ ರ‍್ಯಾಮ್, ವಿದ್ಯುತ್ ಪೆಟ್ಟಿಗೆಗಳನ್ನು ಬಿಚ್ಚಿ ಮೀಸಲು ಇಟ್ಟೆವು.

ಯಾರಿಗೂ ಬೇಡವಾದದ್ದು

ಇನ್ನು ಉಳಿಯುವುದು ಸುಟ್ಟ ಬೋರ್ಡ್, ಒಡೆದ ಮಾನಿಟರ್, ವಯರಿನ ತುಂಡು. ಇದನ್ನು ಕಸದ ಗಾಡಿಗೆ ಹಾಕಬೇಡಿ. ವಯರಿನೊಳಗಿನ ತಾಮ್ರಕ್ಕಾಗಿ ಅದನ್ನು ಬಯಲಲ್ಲಿ ಸುಡುವವರಿದ್ದಾರೆ. ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ. ಬೋರ್ಡಿನ ಮೇಲಿನ ಚೂರು ಚಿನ್ನಕ್ಕಾಗಿ ಬರಿಗೈಯಲ್ಲಿ ಆಸಿಡ್ ಬಳಸುವವರಿದ್ದಾರೆ. ದಿಲ್ಲಿಯ ಸೀಲಂಪುರದಲ್ಲಿ ಈ ಕೆಲಸ ವರ್ಷಗಟ್ಟಲೆ ನಡೆದು ದೇಶಕ್ಕೆಲ್ಲ ಗೊತ್ತಾಯಿತು. ಹಳೆಯ ದಪ್ಪ ಮಾನಿಟರುಗಳ ಗಾಜಿನಲ್ಲಿ ಸೀಸ ಇರುತ್ತದೆ. ಬೇರ್ಪಡಿಸಲು ಕೂರುವವರು ಹಲವು ಕಡೆ ಬಡ ಮನೆಗಳ ಹೆಂಗಸರು, ಮಕ್ಕಳು. ನಮ್ಮ ಕಚೇರಿಯ ಕಸ ಅವರ ಶ್ವಾಸಕೋಶಕ್ಕೆ ಹೋಗಬೇಕೇ?

ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಸರಿಯಾಗಿ ಸಂಗ್ರಹಿಸಿ ಮರುಬಳಕೆಯಾದದ್ದು ಶೇ. 22.3 ಮಾತ್ರ. ನಮ್ಮಲ್ಲಿ ಇ-ತ್ಯಾಜ್ಯದ ನಿಯಮಗಳು 2012ರಲ್ಲಿ ಜಾರಿಗೆ ಬಂದವು. ಈಗ ನಡೆಯುತ್ತಿರುವುದು 2023ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ನಿಯಮ. ಅದರಂತೆ ಈ ಕೆಲಸ ನೋಂದಾಯಿತ ಮರುಬಳಕೆದಾರರ ಮೂಲಕವೇ ಆಗಬೇಕು. ಬೆಂಗಳೂರಿನ ಬಳಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ 2005ರಲ್ಲೇ ಆರಂಭವಾಗಿ ಈ ಕ್ಷೇತ್ರದಲ್ಲಿ ದೇಶದ ಮೊದಲಿಗರ ಸಾಲಿನಲ್ಲಿ ನಿಂತಿತು. ನೋಂದಾಯಿತ ಘಟಕಗಳ ಪಟ್ಟಿ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. ಊರಿನ ನಾಲ್ಕು ಸಂಸ್ಥೆಗಳು ಸೇರಿ ಒಮ್ಮೆ ಒಟ್ಟುಗೂಡಿಸಿದರೆ ಸಾಗಿಸುವ ಖರ್ಚು ಹಂಚಿಹೋಗುತ್ತದೆ.

ನಿಮಗೊಂದು ಕೆಲಸ

ಮಧ್ಯಾಹ್ನ ಕಳೆದು ಎಸ್.ಪಿ. ರಸ್ತೆಯಲ್ಲಿ ಜನ ಇನ್ನಷ್ಟು ಹೆಚ್ಚುತ್ತಾರೆ. ಕಾಲೇಜು ಹುಡುಗರು, ಹಳ್ಳಿಯಿಂದ ಬಂದ ಅಂಗಡಿಯವರು, ಮಗಳಿಗೊಂದು ಹಳೆಯ ಲ್ಯಾಪ್‌ಟಾಪ್ ಹುಡುಕುತ್ತಾ ಚೀಲವನ್ನು ಎದೆಗೊತ್ತಿಕೊಂಡು ನಡೆಯುವ ತಾಯಂದಿರು. ಆ ತಾಯಿ ಕೊಳ್ಳುವ ಯಂತ್ರವನ್ನು ಯಾವುದೋ ಊರಿನ ಯಾವುದೋ ಕಚೇರಿ ಕೊಟ್ಟಿರುತ್ತದೆ. ಅದರೊಳಗೆ ಯಾರ ಮಗಳ ಫೋಟೋವೂ ಉಳಿದಿರಬಾರದು. ಅದು ಅವಳ ಮಗಳ ಓದು ಮುಗಿಯುವವರೆಗೆ ಓಡಲೂ ಬೇಕು. ಇವೆರಡೂ ಅವಳ ಕೈಯಲ್ಲಿಲ್ಲ, ಕೊಟ್ಟವರ ಕೈಯಲ್ಲಿತ್ತು.

ನಿಮ್ಮ ಮಕ್ಕಳ ಶಾಲೆಯ ಮುಂದಿನ ಪಾಲಕರ ಸಭೆಗೆ ಹೋದಾಗ ಫೀಸು, ಸಮವಸ್ತ್ರದ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: "ಕಚೇರಿಯ ಹಳೆಯ ಕಂಪ್ಯೂಟರುಗಳನ್ನು ಏನು ಮಾಡಿದಿರಿ? ಡಿಸ್ಕ್ ಯಾರು ಅಳಿಸಿದರು?" ಪತಿಯ ಅಂಗಡಿಯಲ್ಲಿ, ಅಣ್ಣನ ಕ್ಲಿನಿಕ್ಕಿನಲ್ಲಿ, ಮೊಹಲ್ಲಾದ ಕಮಿಟಿಯಲ್ಲಿ ಇದನ್ನೇ ಕೇಳಿ. ಮನೆಯ ಅಟ್ಟದ ಮೇಲೂ ಒಮ್ಮೆ ಕಣ್ಣಾಡಿಸಿ. ಅಲ್ಲೊಂದು ಪೆಟ್ಟಿಗೆ ಧೂಳು ಹೊದ್ದು ಕುಳಿತಿದ್ದರೆ ಕೆಳಗಿಳಿಸಿ, ಒರೆಸಿ, ಒಳಗಿನದನ್ನು ಅಳಿಸಿ, ಓಡುವಂತೆ ಮಾಡಿ. ಇನ್ನೂ ತಡಮಾಡಿದರೆ ಅದು ನಿಜವಾಗಿಯೂ ಗುಜರಿಯಾಗುತ್ತದೆ. ಈ ವಾರವೇ ಇಳಿಸಿದರೆ ಬೇಸಿಗೆ ರಜೆಯಲ್ಲಿ ಯಾರದೋ ಮನೆಯ ಹುಡುಗಿ ಅದರ ಮುಂದೆ ಕುಳಿತು ಕನ್ನಡದಲ್ಲಿ ತನ್ನ ಹೆಸರು ಬರೆಯುತ್ತಾಳೆ.